ಸದರಿ ಕೋಣೆ

ಕಚೇರಿ ಅಂದರೆ ಕಚೇರಿಯಲ್ಲ, ಮೇಡಂ, ಬರೀ ಬಾಗಿಲು.
ಬಾಗಿಲ ಮೇಲೊಂದು ಹಿತ್ತಾಳೆ ಫಲಕ,
ಒಳಗೊಂದು ಮೇಜು, ಪ್ಲಾಸ್ಟಿಕ್ಕೂ ಬಿಚ್ಚದ ಕುರ್ಚಿ,
ಗೋಡೆಗೆ ಹಳೇ ಕ್ಯಾಲೆಂಡರು. ಅದೂ ನಾನೇ ತೂಗುಹಾಕಿದ್ದು.
ಹನ್ನೊಂದು ವರ್ಷದಿಂದ ಈ ಮಹಡಿ ಗುಡಿಸುತ್ತೇನೆ.
ಮುನ್ನೂರ ಆರರ ನೆಲದಲ್ಲಿ ನನ್ನದಲ್ಲದ ಹೆಜ್ಜೆ
ಕಂಡದ್ದು ಒಂದೇ ಸಲ.

ಹೀಗೆಂದು ನಾನೇ ಅವಳಿಗೆ ಹೇಳಿದ್ದು.
ಡಾಲಸ್ಸಿನಿಂದ ಮೂರು ತಾಸು ಕಾರು ಓಡಿಸಿಕೊಂಡು ಬಂದಿದ್ದಳು
ಕಾನೂನು ಕಾಲೇಜಿನ ಪ್ರೊಫೆಸರ್ ರೊವೀನಾ ಟಾಲ್ಬರ್ಟ್,
ಕಂಕುಳಲ್ಲಿ ನೀಲಿ ರಟ್ಟಿನ ಪುಸ್ತಕ.
ಹೊರಗೆ ಕೋರ್ಟಿನ ಮೆಟ್ಟಿಲಿಗೆಲ್ಲ
ಪೈನ್ ಮರದ ಹಳದಿ ಪುಡಿ ಮೆತ್ತಿದ ಏಪ್ರಿಲ್.
ಬಂದವರೆಲ್ಲ ಕೇಳುವುದು, ಮಾಲೀಕ ಯಾರು, ಯಾವಾಗ ಸಿಗುತ್ತಾನೆ.
ಇವಳು ಕೇಳಿದ್ದು:
ಎಲ್ವಿನ್, ಆ ಕೋಣೆಯ ಬಲ್ಬು ಎಷ್ಟು ಸಲ ಬದಲಾಯಿಸಿದ್ದೀರಿ?

ಇಲ್ಲ, ಅಂದೆ. ಒಂದು ಸಲವೂ ಇಲ್ಲ.
ಬರೆದುಕೊಂಡಳು.

ಈ ಕತ್ತಲ ಕೋಣೆ ಹೂಡಿದ ದಾವೆ ಇನ್ನೂರ ಎಂಬತ್ತಾರಂತೆ,
ತೀರ್ಪಿನವರೆಗೆ ಹೋದದ್ದು ಎರಡು.
ಉಳಿದವರು ವಕೀಲರ ಫೀಸು ಕೂಡಿಸಿ ನೋಡಿ
ಅದಕ್ಕಿಂತ ತುಸು ಕಡಿಮೆ ಕೊಟ್ಟು
ಬಾಯಿಗೆ ಬೀಗ ಹಾಕಿಕೊಂಡವರು.
ಹೊಲ ಕಾಯಲಿ ಅಂತ ಕಟ್ಟಿದ ಬೇಲಿ, ಅಂದೆ,
ಎದ್ದು ಹೊಲ ಮೇಯ್ದಂತೆ.
ನಕ್ಕಳು. ಅದನ್ನೇಕೋ ಬರೆದುಕೊಳ್ಳಲಿಲ್ಲ.

ಪೇಟೆಂಟೊಂದನ್ನು ಓದಿ ಹೇಳಿದಳು:
ಸದರಿ ಯಂತ್ರವು ಸದರಿ ಕಾಯನ್ನು
ಸದರಿ ಹಲ್ಲುಗಳ ನಡುವೆ ಹಿಡಿದು, ಸದರಿ ತಿರುಳು ಮುರಿಯದಂತೆ...
ಸದರಿ ಪೊರಕೆಗೆ ಒರಗಿ ನಿಂತ ಸದರಿ ನಾನು
ತಡೆದೆ ಅವಳನ್ನು. ಗೊತ್ತು ನನಗದು.
ಅದು ಡೂಲಿ ಪ್ರೂಯಿಟ್‌ನ ಪೆಕಾನ್ ಒಡೆಯುವ ಯಂತ್ರ.

ಆ ಒಂದೇ ಸಲದ ಹೆಜ್ಜೆ ಅವನದು.
ದೊಡ್ಡ ಕಂಪನಿಯೊಂದು ಅವನ ಹಲ್ಲುಗಳ ವಿನ್ಯಾಸ ಕದ್ದು
ಊರೂರಿಗೆ ಮಾರಿತು. ಒಂಬತ್ತು ವರ್ಷ ಕಾಗದ ಬರೆದ.
ಪಾಪ ಅಂದ ವಕೀಲರೂ ಮೊದಲು ಮುಂಗಡ ಅಂದರು.
ಕಡೆಗೆ ಕೈಹಿಡಿದದ್ದು ಈ ಖಾಲಿ ಕೋಣೆ:
ಹಕ್ಕು ಕೊಡು, ಚೆಕ್ಕು ತಗೋ.
ಸಹಿಗೆ ಬಂದವನ ಬೂಟಿನಿಂದ ಸಿಪ್ಪೆ ಉದುರಿತ್ತು,
ನಾನು ಮಾರನೇ ದಿನ ಗುಡಿಸಿದೆ.
ಆ ದುಡ್ಡಲ್ಲಿ ಹೆಂಡತಿಯ ಮಂಡಿಯ ಆಪರೇಷನ್ ಆಯಿತು.
ಅದೇ ಕಾಗದ ಹಿಡಿದು ಇವರು
ಕಂಪನಿಯನ್ನು ಮುಟ್ಟಲಿಲ್ಲ, ಮೇಡಂ.
ಆ ಯಂತ್ರ ಕೊಂಡಿದ್ದ ಬೇಕರಿಗಳ ಮೇಲೆ ಬಿದ್ದರು,
ನನ್ನ ತಂಗಿ ಲೂರ್ಲೀನಳ ಬೇಕರಿ ಸೇರಿ.

ಪೆನ್ನು ನಿಂತಿತು.
ಅವಳ ಪುಸ್ತಕದಲ್ಲಿ ಗೆರೆ ಎಳೆದ ಮನೆಗಳಿದ್ದವು,
ತಯಾರಿಸುವವರು, ತಯಾರಿಸದವರು.
ಡೂಲಿಯನ್ನು ಯಾವ ಮನೆಗೆ ಕಳಿಸುವುದೋ.
ಬಹಳ ಹೊತ್ತಿನ ಮೇಲೆ, ಆ ದಿನ ಅವನಿಗೆ ಖುಷಿಯಿತ್ತೇ, ಅಂದಳು.
ಪ್ಲಾಸ್ಟಿಕ್ಕಿನ ಮೇಲೇ ಕೂತ, ಅಂದೆ. ಅಷ್ಟು ಗೊತ್ತು.

ಅವಳ ವರದಿ ವಾಷಿಂಗ್ಟನ್ನಿಗೆ ಹೋಯಿತಂತೆ.
ಅದರಿಂದಲೋ ಇನ್ನೊಂದರಿಂದಲೋ ನಾನರಿಯೆ,
ಒಂದು ಶುಕ್ರವಾರ ಬಂದ ಹುಡುಗನೊಬ್ಬ
ಸ್ಕ್ರೂ ತಿರುಗಿಸಿ ಫಲಕಗಳನ್ನು ಪೆಟ್ಟಿಗೆಗೆ ತುಂಬಿಕೊಂಡ.
ಬೇರೆ ಊರಿಗೆ, ಅಂದ, ಯಾವ ಊರು ಅನ್ನಲಿಲ್ಲ.
ಬಾಗಿಲಿಗೆ ನಾಲ್ಕು ನಾಲ್ಕು ತೂತು.
ಪುಟ್ಟಿ ಮೆತ್ತಿ ಉಜ್ಜಿದೆ, ಬಣ್ಣ ಮಾತ್ರ ಹೊಂದಲಿಲ್ಲ.

ಹೋದ ವಾರ ಮುನ್ನೂರ ಆರಕ್ಕೆ ಒಂದು ಟಪಾಲು ಬಂತು,
ಡೂಲಿಯ ಅಡ್ಡಾದಿಡ್ಡಿ ಅಕ್ಷರ:
ಹಲ್ಲು ಬದಲಿಸಿದ್ದೇನೆ, ಈ ಸಲ ಇನ್ನೂ ಚೆನ್ನಾಗಿದೆ, ನೋಡಿ,
ಅಂತ ಲಕೋಟೆಯ ಹೊರಗೇ ಬರೆದಿದ್ದಾನೆ.
ಯಾರಿಗೆ ಮುಟ್ಟಿಸಲಿ?
ಪೊರಕೆಯ ಗೂಡಿನಲ್ಲಿಟ್ಟಿದ್ದೇನೆ.
ಅಲ್ಲಾಡಿಸಿದರೆ ಒಳಗೆ
ಸಣ್ಣ ಸ್ಪ್ರಿಂಗಿನ ಸದ್ದು.